ಕರಾವಳಿಗೆ ಬಂದ ಅಸ್ಥಿಪಾಠ: ಮಂಗಳೂರು ಮತ್ತು ಅಂಗರಚನಾ ಶಾಸ್ತ್ರ

ಮುಕ್ಕದಿಂದ ದೇರಳಕಟ್ಟೆಯವರೆಗೆ ಹರಡಿಕೊಂಡಿರುವ ಇಂದಿನ ಮಂಗಳೂರಿನಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಕೊರತೆಯಿಲ್ಲ. ಪ್ರತಿಯೊಂದು ಕಾಲೇಜಿನಲ್ಲಿಯೂ ಮೊದಲ ವರ್ಷದ ವಿದ್ಯಾರ್ಥಿಗಳು ಬಿಳಿ ಕೋಟು ತೊಟ್ಟು ಪ್ರವೇಶಿಸುವ ಡಿಸೆಕ್ಷನ್ ಹಾಲ್ ಇದೆ, ಅದರ ಮೂಲೆಯಲ್ಲಿ ತಂತಿಯಿಂದ ಪೋಣಿಸಿ ನಿಲ್ಲಿಸಿದ ಮನುಷ್ಯನ ಅಸ್ಥಿಪಂಜರವಿದೆ. ಆದರೆ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಕನ್ನಡ ಕರಾವಳಿಯಲ್ಲಿ ಒಂದೇ ಒಂದು ವೈದ್ಯಕೀಯ ಕಾಲೇಜು ಇರಲಿಲ್ಲ, ಮತ್ತು ಮನುಷ್ಯದೇಹವನ್ನು ತೆರೆದು ಕ್ರಮಬದ್ಧವಾಗಿ ಅಭ್ಯಾಸ ಮಾಡಬೇಕೆಂದು ಬಯಸಿದ ಇಲ್ಲಿನ ಯುವಕನಿಗೆ ಮದರಾಸಿನಂತಹ ದೂರದ ಊರಿನ ದಾರಿ ಹಿಡಿಯದೆ ಗತ್ಯಂತರವಿರಲಿಲ್ಲ. ಈ ವಿದ್ಯೆ ಊರಿಗೆ ಬಂದ ಇತಿಹಾಸದಲ್ಲಿ ದಾನಿಗಳ, ಆಡಳಿತಗಾರರ, ಪ್ರಾಧ್ಯಾಪಕರ ಹೆಸರುಗಳು ಸಿಗುತ್ತವೆ. ಯಾರ ದೇಹಗಳ ಮೇಲೆ ಈ ವಿದ್ಯೆ ನಿಂತಿತೋ ಅವರ ಹೆಸರುಗಳು ಬಹುಪಾಲು ಸಿಗುವುದಿಲ್ಲ. ಆ ಹೆಸರಿಲ್ಲದವರಿಗೆ ಈ ಕಥೆಯಲ್ಲಿ ಮೊದಲ ಸ್ಥಾನ ಸಲ್ಲಬೇಕು.

ಅಂಗರಚನಾ ಶಾಸ್ತ್ರವೆಂದರೆ ದೇಹದ ಭಾಗಗಳು ಎಲ್ಲಿವೆ, ಯಾವ ಆಕಾರದಲ್ಲಿವೆ, ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂಬುದರ ವಿವರವಾದ ಅರಿವು. ಭಾರತದಲ್ಲಿ ಈ ಕುತೂಹಲ ಬಹಳ ಹಳೆಯದು. ಚರಕಸಂಹಿತೆ ಮನುಷ್ಯನ ಎಲುಬುಗಳನ್ನು 360 ಎಂದು ಎಣಿಸುತ್ತದೆ. ಸುಶ್ರುತಸಂಹಿತೆಯ ಶಾರೀರಸ್ಥಾನವು ಆ ಲೆಕ್ಕವನ್ನು ವೇದವಾದಿಗಳದ್ದೆಂದು ಬದಿಗಿರಿಸಿ, ಶಲ್ಯತಂತ್ರದಲ್ಲಿ, ಅಂದರೆ ಶಸ್ತ್ರಚಿಕಿತ್ಸೆಯ ಶಾಸ್ತ್ರದಲ್ಲಿ, ಎಲುಬುಗಳು 300 ಮಾತ್ರ ಎನ್ನುತ್ತದೆ. ಹಲ್ಲುಗಳನ್ನೂ ಕೆಲವು ಮೃದ್ವಸ್ಥಿಗಳನ್ನೂ, ಅಂದರೆ ಕಿವಿಯ ಹಾಲೆಯಲ್ಲಿರುವಂತಹ ಬಾಗುವ ಮೆತ್ತನೆಯ ಎಲುಬುಗಳನ್ನೂ, ಸೇರಿಸಿಕೊಂಡ ಕಾರಣ ಈ ಸಂಖ್ಯೆಗಳು ಇಂದಿನ ಲೆಕ್ಕಕ್ಕಿಂತ ದೊಡ್ಡವಾಗಿವೆ. ಚರಕನ ಪಟ್ಟಿಯಲ್ಲಿ ಉಗುರುಗಳಿಗೂ ಜಾಗವಿದೆ. ಎರಡು ಲೆಕ್ಕಗಳನ್ನೂ ಆಧುನಿಕ ಅಸ್ಥಿಶಾಸ್ತ್ರದೊಂದಿಗೆ ಒಂದೊಂದಾಗಿ ಹೋಲಿಸಿ ನೋಡಿದ ರುಡಾಲ್ಫ್ ಹಾರ್ನ್ಲೆ ಎಂಬ ವಿದ್ವಾಂಸನ ಗ್ರಂಥ 1907ರಲ್ಲಿ ಆಕ್ಸ್‌ಫರ್ಡ್‌ನಿಂದ ಪ್ರಕಟವಾಯಿತು.

ಸಂಖ್ಯೆಗಿಂತಲೂ ಗಮನಾರ್ಹವಾದದ್ದು ಸುಶ್ರುತನು ಹೇಳುವ ವಿಧಾನ. ಅಂಗಾಂಗಗಳು ಪೂರ್ಣವಾಗಿರುವ, ವಿಷದಿಂದ ಸಾಯದ, ದೀರ್ಘರೋಗದಿಂದ ಸವೆಯದ, ಅತಿ ಮುಪ್ಪಾಗದ ದೇಹವೊಂದನ್ನು ಆರಿಸಿ, ಕರುಳಿನ ಮಲವನ್ನು ತೆಗೆದು, ಮುಂಜ, ದರ್ಭೆ, ಸೆಣಬು, ನಾರುಬಟ್ಟೆ ಇವುಗಳಲ್ಲೊಂದರಿಂದ ಸುತ್ತಿ, ಪಂಜರದಲ್ಲಿಟ್ಟು, ರಭಸವಿಲ್ಲದ ನದಿಯ ಮರೆಯಾದ ಜಾಗದಲ್ಲಿ ಮುಳುಗಿಸಿಡಬೇಕು. ಏಳು ರಾತ್ರಿ ಕಳೆದ ಮೇಲೆ ಹೊರತೆಗೆದು ಲಾವಂಚದ ಬೇರು, ಕೂದಲು, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲಮೆಲ್ಲಗೆ ಉಜ್ಜುತ್ತ, ಚರ್ಮದಿಂದ ಮೊದಲುಗೊಂಡು ಒಳಗಿನ ಪ್ರತಿಯೊಂದು ಭಾಗವನ್ನೂ ಕಣ್ಣಾರೆ ನೋಡಬೇಕು. ಕತ್ತಿ ತಾಗಿಸದೆಯೇ ದೇಹವನ್ನು ಪದರ ಪದರವಾಗಿ ಬಿಡಿಸುವ ಈ ಉಪಾಯದಲ್ಲಿ ನೋಡಿದ್ದನ್ನೇ ನಂಬಬೇಕೆಂಬ ಹಟ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಶವಸ್ಪರ್ಶದ ಸೂತಕದ ಭಾವನೆ ಗಟ್ಟಿಯಾಗುತ್ತ ಬಂದಂತೆ ಈ ಅಭ್ಯಾಸ ಹಿಂದೆ ಸರಿದು, ಗ್ರಂಥದ ಮಾತು ಉಳಿದುಕೊಂಡಿತು. ಕನ್ನಡದಲ್ಲಿಯೂ ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಮುಂತಾದ ವೈದ್ಯಗ್ರಂಥಗಳು ಹುಟ್ಟಿದವಾದರೂ ಅವುಗಳ ಮುಖ್ಯ ಆಸಕ್ತಿ ಔಷಧ ಮತ್ತು ವಿಷಚಿಕಿತ್ಸೆಗಳ ಕಡೆಗಿತ್ತು.

ಗ್ರಂಥದ ಹೊರಗೆ ಬೇರೊಂದು ಬಗೆಯ ಅಸ್ಥಿಜ್ಞಾನ ತುಳುನಾಡಿನಲ್ಲಿ ಜೀವಂತವಾಗಿತ್ತು. ತೆಂಗು, ಕಂಗು, ತಾಳೆಮರಗಳ ನಾಡಿನಲ್ಲಿ ಮರದಿಂದ ಬೀಳುವುದು ದುಡಿಯುವವರ ಬದುಕಿನ ನಿತ್ಯದ ಅಪಾಯ. ಕಳ್ಳು ಇಳಿಸುವ ಮೂರ್ತೆದಾರನೋ ಅಡಿಕೆ ಕೊಯ್ಯುವವನೋ ಕೈಕಾಲು ಮುರಿದುಕೊಂಡಾಗ ಅವನನ್ನು ಒಯ್ಯುತ್ತಿದ್ದುದು ಎಲುಬು ಕಟ್ಟುವ ನಾಟಿ ವೈದ್ಯರ ಬಳಿಗೆ. ಅವರು ಬೆರಳ ತುದಿಯಿಂದ ಮುರಿತದ ಜಾಗವನ್ನು ಹುಡುಕಿ, ಎಳೆದು ಕೂಡಿಸಿ, ಸೊಪ್ಪಿನ ಲೇಪ ಹಚ್ಚಿ, ಬಿದಿರಿನ ದಬ್ಬೆಗಳನ್ನಿಟ್ಟು ಬಟ್ಟೆಯಿಂದ ಬಿಗಿಯುತ್ತಿದ್ದರು. ಚರ್ಮದ ಕೆಳಗೇ ಸಿಗುವ ಕಾಲರ್ ಬೋನ್, ಮುಂಗೈ, ಮೊಣಕಾಲ ಕೆಳಗಿನ ಎಲುಬು ಇವುಗಳ ವಿಷಯದಲ್ಲಿ ಈ ಸ್ಪರ್ಶಜ್ಞಾನ ಅನೇಕ ಬಾರಿ ಫಲ ಕೊಟ್ಟಿತು. ದಪ್ಪ ಮಾಂಸದೊಳಗೆ ಅಡಗಿದ ಸೊಂಟದ ಕೀಲಿನಲ್ಲಿ, ಅಥವಾ ರಕ್ತನಾಳವೂ ನರವೂ ಎಲುಬಿಗೆ ಒತ್ತಿಕೊಂಡು ಹೋಗುವ ಮೊಣಕೈಯಲ್ಲಿ, ಅದು ಸೋಲುತ್ತಿತ್ತು. ಅತಿ ಬಿಗಿಯಾದ ಕಟ್ಟಿನಿಂದ ರಕ್ತ ಹರಿಯದೆ ಕೈ ಕೊಳೆಯುವುದೂ ಇತ್ತು. ಬದುಕಿರುವವರ ಮೈಯಿಂದ ಕಲಿಯಬಹುದಾದ ಪಾಠಕ್ಕೆ ಒಂದು ಎಲ್ಲೆಯಿತ್ತು.

ಆ ಎಲ್ಲೆಯನ್ನು ದಾಟುವ ವಿದ್ಯೆ ಯುರೋಪಿನಲ್ಲಿ ವೆಸೇಲಿಯಸ್ಸನ 1543ರ ಮಹಾಗ್ರಂಥದಿಂದ ಹೊಸ ದಾರಿ ಹಿಡಿದಿತ್ತು. ಪ್ರಾಚೀನ ಗ್ಯಾಲೆನ್ ಮಂಗ ಮೊದಲಾದ ಪ್ರಾಣಿಗಳನ್ನು ಕೊಯ್ದು ಬರೆದದ್ದನ್ನು ಸಾವಿರ ವರ್ಷಕ್ಕೂ ಮಿಕ್ಕಿ ಮನುಷ್ಯನಿಗೆ ಅನ್ವಯಿಸುತ್ತಿದ್ದವರ ಮುಂದೆ ವೆಸೇಲಿಯಸ್ ಮನುಷ್ಯನ ಶವವನ್ನೇ ಇಟ್ಟು ತಪ್ಪುಗಳನ್ನು ತೋರಿಸಿದನು. ಆದರೆ ಶವಗಳು ಎಲ್ಲಿಂದ ಬರಬೇಕು? ಎಡಿನ್‌ಬರೊದಲ್ಲಿ 1828ರಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಹದಿನಾರು ಮಂದಿಯನ್ನು ಕೊಂದು ಶವಗಳನ್ನು ಅಂಗರಚನೆಯ ಶಾಲೆಗೆ ಮಾರಿದ ಭೀಕರ ಪ್ರಕರಣ ಬಯಲಾದ ಮೇಲೆ, ಬ್ರಿಟಿಷ್ ಸಂಸತ್ತು 1832ರಲ್ಲಿ ಅಂಗರಚನಾ ಕಾಯಿದೆಯನ್ನು ತಂದು, ವಾರಸುದಾರರಿಲ್ಲದ ಬಡವರ ಶವಗಳನ್ನು ಶಾಲೆಗಳಿಗೆ ಒದಗಿಸುವ ಕ್ರಮವನ್ನು ರೂಪಿಸಿತು. ಶವಗಳಿಗಾಗಿ ನಡೆಯುತ್ತಿದ್ದ ಕೊಲೆ ಮತ್ತು ಸಮಾಧಿಗಳಿಂದ ಶವಗಳ ಕಳವು ಬಹುಮಟ್ಟಿಗೆ ನಿಂತವು. ಬಡತನದಲ್ಲಿ ಅನಾಥವಾಗಿ ಸತ್ತವರು ಶಾಸ್ತ್ರದ ಸಾಮಗ್ರಿಯಾದರು. ಭಾರತದ ಅಂಗರಚನಾ ಕಾಯಿದೆಗಳ ಬೇರು ಈ ಕ್ರಮದಲ್ಲಿದೆ.

ಮದರಾಸಿನಲ್ಲಿ 1835ರಲ್ಲಿ ವೈದ್ಯಶಾಲೆ ಸ್ಥಾಪನೆಯಾಯಿತು. ಮರುವರ್ಷ ಕಲ್ಕತ್ತಾದ ವೈದ್ಯಕೀಯ ಕಾಲೇಜಿನಲ್ಲಿ ಆಯುರ್ವೇದ ಪಂಡಿತ ಮಧುಸೂದನ ಗುಪ್ತರು ಶವಚ್ಛೇದನ ಮಾಡಿ, ಮೇಲುಜಾತಿಯ ಹಿಂದುಗಳು ಶವ ಮುಟ್ಟಲಾರರೆಂಬ ಮಾತನ್ನು ಸುಳ್ಳಾಗಿಸಿದರು. ಮಂಗಳೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿ 1848ರಲ್ಲಿ ಆರಂಭಿಸಿದ ಆಸ್ಪತ್ರೆ, ಮುಂದೆ 1891ರಿಂದ 1896ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್ಲಾಕ್‌ನ ಹೆಸರನ್ನು ಪಡೆದು, ಹಂಪನಕಟ್ಟೆಯ ಬಳಿ ಇಡೀ ಜಿಲ್ಲೆಯ ಬಡವರ ಆಸರೆಯಾಗಿ ಬೆಳೆಯಿತು. ಅಲ್ಲಿ ಚಿಕಿತ್ಸೆಯಿತ್ತು, ಕಾಲೇಜಿನ ಪಾಠವಿರಲಿಲ್ಲ.

ಮಂಗಳೂರಿನದೇ ಕಂಕನಾಡಿಯಲ್ಲಿ ಬೆಳೆದ ಇನ್ನೊಂದು ಆಸ್ಪತ್ರೆಯ ಹಿನ್ನೆಲೆ ಬೇರೆ. ಜರ್ಮನ್ ಮೂಲದ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1878ರ ಕೊನೆಯಲ್ಲಿ ಮಂಗಳೂರಿಗೆ ಬಂದು, 1880ರಲ್ಲಿ ಹೋಮಿಯೋಪಥಿ ಔಷಧಾಲಯವನ್ನೂ 1890ರಲ್ಲಿ ಕುಷ್ಠರೋಗಿಗಳ ಆಶ್ರಯವನ್ನೂ ತೆರೆದರು. ಕುಷ್ಠರೋಗಿಯ ಬೆರಳುಗಳು ಕೊಳೆತು ಉದುರುತ್ತವೆ ಎಂಬ ನಂಬಿಕೆ ಆಗ ಎಲ್ಲೆಡೆ ಇತ್ತು. ರೋಗವು ನರಗಳನ್ನು ಹಾಳುಮಾಡಿ ಸ್ಪರ್ಶ ಮತ್ತು ನೋವಿನ ಅರಿವನ್ನು ಕಸಿಯುವುದರಿಂದ, ಸುಟ್ಟರೂ ಕೊಯ್ದರೂ ತಿಳಿಯದೆ ಗಾಯಗಳು ಮರುಕಳಿಸಿ, ಸೋಂಕು ಎಲುಬಿಗಿಳಿದು, ಬೆರಳೆಲುಬುಗಳು ತುದಿಯಿಂದ ಕರಗಿ ಮೊಂಡಾಗುತ್ತವೆ ಎಂಬುದನ್ನು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ವೆಲ್ಲೂರಿನ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಮತ್ತು ಸಂಗಡಿಗರು ಸ್ಪಷ್ಟಪಡಿಸಿದರು. ಅದೇ ಕಾಲದಲ್ಲಿ ಡೆನ್ಮಾರ್ಕಿನ ವೈದ್ಯ ಮೋಲರ್ ಕ್ರಿಸ್ಟೆನ್ಸನ್ ಮಧ್ಯಯುಗದ ಕುಷ್ಠಾಶ್ರಮವೊಂದರ ಸ್ಮಶಾನದ ತಲೆಬುರುಡೆಗಳಲ್ಲಿ ಮೂಗಿನ ಬುಡದ ಎಲುಬು ಸವೆದಿರುವುದನ್ನು ಗುರುತಿಸಿದನು. ಕಂಕನಾಡಿಯ ಸೇವಕರಿಗೆ ಈ ವಿವರಣೆ ದೊರಕುವ ಎಷ್ಟೋ ವರ್ಷಗಳ ಮೊದಲೇ ಅವರು ಅಂಥ ಕೈಗಳಿಗೆ ಪ್ರತಿದಿನ ಪಟ್ಟಿ ಕಟ್ಟುತ್ತಿದ್ದರೆಂಬುದು ಗೌರವದಿಂದ ನೆನೆಯಬೇಕಾದ ಸಂಗತಿ.

ಅಂಗರಚನೆಯ ಪಾಠ ಕರಾವಳಿಗೆ ಕಾಲಿಟ್ಟದ್ದು 1953ರ ಜೂನ್ 30ರಂದು, ಮದರಾಸಿನಲ್ಲಿ ವೈದ್ಯಕೀಯ ಕಲಿತು ಬಂದಿದ್ದ ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದಾಗ. ಮಣಿಪಾಲ, ಮಂಗಳೂರುಗಳೆರಡೂ ಸೇರಿದ್ದ ಜಿಲ್ಲೆ ಆಗ ಮದರಾಸು ರಾಜ್ಯದಲ್ಲಿತ್ತು. ಕಾಲೇಜಿಗೆ ಮಾನ್ಯತೆ ದೊರೆತದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ. ಖಾಸಗಿ ಪ್ರಯತ್ನದ ಈ ಸಂಸ್ಥೆಗೆ ದೊಡ್ಡ ಆಸ್ಪತ್ರೆಯೊಂದನ್ನು ಕೂಡಲೇ ಕಟ್ಟುವ ಶಕ್ತಿ ಇರಲಿಲ್ಲವಾದ್ದರಿಂದ, ಅಂಗರಚನೆ ಮತ್ತು ಅಂಗಕ್ರಿಯೆಯಂತಹ ಮೂಲವಿಷಯಗಳನ್ನು ಮಣಿಪಾಲದ ಗುಡ್ಡದ ಮೇಲೆ ಕಲಿಸಿ, ರೋಗಿಗಳ ಬಳಿಯ ಶಿಕ್ಷಣವನ್ನು 1955ರಿಂದ ಮಂಗಳೂರಿನ ಸರಕಾರಿ ವೆನ್ಲಾಕ್ ಮತ್ತು ಲೇಡಿ ಗೋಶನ್ ಆಸ್ಪತ್ರೆಗಳಲ್ಲಿ ನಡೆಸುವ ಏರ್ಪಾಡಾಯಿತು. ಹೀಗೆ ಸತ್ತ ದೇಹದ ಪಾಠ ಒಂದು ಊರಿನಲ್ಲಿ, ಬದುಕಿರುವ ದೇಹದ ಪಾಠ ಸುಮಾರು 60 ಕಿಲೋಮೀಟರ್ ದೂರದ ಇನ್ನೊಂದು ಊರಿನಲ್ಲಿ ನಡೆಯತೊಡಗಿತು. ಕೊರತೆಯಿಂದ ಹುಟ್ಟಿದ ಈ ಏರ್ಪಾಡು ಸರಕಾರಿ ಆಸ್ಪತ್ರೆಗೆ ಕಾಲೇಜಿನ ತಜ್ಞರನ್ನೂ, ಕಾಲೇಜಿಗೆ ಮೂರು ದಿಕ್ಕಿನ ಬಡ ರೋಗಿಗಳನ್ನೂ ಒದಗಿಸಿ, ಮುಂದೆ ದೇಶದ ಎಷ್ಟೋ ಕಡೆ ಅನುಕರಣೆಗೆ ಮಾದರಿಯಾಯಿತು.

ಮಣಿಪಾಲದ ಮೇಜಿನ ಮೇಲೆ ವಿದ್ಯಾರ್ಥಿ ಕಲಿತದ್ದೇನು? ವಯಸ್ಕನಲ್ಲಿ 206 ಎಲುಬುಗಳಿವೆ. ತಲೆಬುರುಡೆ, ಬೆನ್ನುಹುರಿಯನ್ನು ಕಾಯುವ ಕಶೇರುಕಗಳ ಸಾಲು, ಪಕ್ಕೆಲುಬುಗಳು ಮತ್ತು ಎದೆಚಕ್ಕೆ ಸೇರಿ ದೇಹದ ನಡುಗಂಬವಾಗುವ ಎಲುಬುಗಳು 80. ಭುಜ, ಸೊಂಟ ಮತ್ತು ಕೈಕಾಲುಗಳವು 126. ಹುಟ್ಟಿದ ಮಗುವಿನಲ್ಲಿ ಎಲುಬಿನ ತುಂಡುಗಳು ಇದಕ್ಕಿಂತ ಎಷ್ಟೋ ಹೆಚ್ಚಿದ್ದು, ಬೆಳೆದಂತೆ ಒಂದರೊಡನೊಂದು ಬೆಸೆದುಕೊಳ್ಳುತ್ತವೆ. ಮೊದಲ ದಿನಗಳಲ್ಲಿ ಕೈಗೆ ಸಿಗುವ ತೊಡೆಯೆಲುಬು ದೇಹದಲ್ಲೇ ಉದ್ದವಾದದ್ದು. ಅದರ ಮೇಲ್ತುದಿಯ ಗುಂಡನೆಯ ತಲೆ ಒಳಮುಖವಾಗಿರಬೇಕು, ದಂಡದ ಹಿಂಬದಿಯ ಒರಟು ಏಣು ಹಿಂದಕ್ಕೆ ಬರಬೇಕು. ಹಾಗೆ ಹಿಡಿದು ಇದು ಎಡಗಾಲಿನದೋ ಬಲಗಾಲಿನದೋ ಎಂದು ಹೇಳುವುದು ವೈವಾ ಪರೀಕ್ಷೆಯ ಮೊದಲ ಪ್ರಶ್ನೆ. ತಲೆಯನ್ನೂ ದಂಡವನ್ನೂ ಜೋಡಿಸುವ ಓರೆಯಾದ ಭಾಗಕ್ಕೆ ಕುತ್ತಿಗೆ ಎಂದೇ ಹೆಸರು, ಮತ್ತು ತಲೆಗೆ ಹೋಗುವ ರಕ್ತನಾಳಗಳಲ್ಲಿ ಹೆಚ್ಚಿನವು ಈ ಕುತ್ತಿಗೆಗೆ ಅಂಟಿಕೊಂಡೇ ಮೇಲೇರುತ್ತವೆ.

ಅದೇ ವಿದ್ಯಾರ್ಥಿ ಮಂಗಳೂರಿಗೆ ಬಂದು ವೆನ್ಲಾಕಿನ ವಾರ್ಡಿನಲ್ಲಿ ನಿಂತಾಗ, ಅಂಗಳದಲ್ಲಿ ಜಾರಿಬಿದ್ದ ವೃದ್ಧೆಯೊಬ್ಬಳ ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಮಲಗಿರುವುದನ್ನು ಕಂಡರೆ, ಹೊದಿಕೆ ಸರಿಸುವ ಮೊದಲೇ ತೊಡೆಯೆಲುಬಿನ ಕುತ್ತಿಗೆ ಮುರಿದಿದೆ ಎಂದು ಊಹಿಸಬಲ್ಲನು. ಮುರಿತದೊಡನೆ ರಕ್ತನಾಳಗಳೂ ಹರಿದು, ಎಲುಬಿನ ತಲೆ ರಕ್ತವಿಲ್ಲದೆ ಸಾಯಬಹುದೆಂದೂ, ಬಿದಿರಿನ ದಬ್ಬೆಯಾಗಲಿ ಬರಿಯ ವಿಶ್ರಾಂತಿಯಾಗಲಿ ಇಲ್ಲಿ ಸಾಲದೆಂದೂ ಅವನಿಗೆ ತಿಳಿಯುವುದು ಮಣಿಪಾಲದಲ್ಲಿ ಆ ಸಣ್ಣ ನಾಳಗಳನ್ನು ಚಿಮಟದಿಂದ ಬಿಡಿಸಿ ನೋಡಿದ್ದರಿಂದ. ಎಲುಬು ಸತ್ತ ವಸ್ತುವಲ್ಲವೆಂಬ ಅರಿವೂ ಇಲ್ಲಿಯೇ ಬಲಿಯುತ್ತದೆ: ಅದರೊಳಗೆ ರಕ್ತ ಹರಿಯುತ್ತದೆ, ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುತ್ತವೆ, ಹಳೆಯ ಎಲುಬನ್ನು ಕರಗಿಸುವ ಕಣಗಳೂ ಹೊಸದನ್ನು ಕಟ್ಟುವ ಕಣಗಳೂ ಜೀವಮಾನವಿಡೀ ದುಡಿಯುತ್ತಿರುತ್ತವೆ.

ಈ ಮೇಜುಗಳಿಗೆ ಬರುವ ದೇಹಗಳ ವಿಷಯದಲ್ಲಿ ಕಾನೂನು ಆಗಷ್ಟೇ ರೂಪುಗೊಳ್ಳುತ್ತಿತ್ತು. ಮದರಾಸು ರಾಜ್ಯ 1951ರಲ್ಲಿ ತನ್ನ ಅಂಗರಚನಾ ಕಾಯಿದೆಯನ್ನು ಮಾಡಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಇಂದು ಕರ್ನಾಟಕ ಅಂಗರಚನಾ ಕಾಯಿದೆ ಎನಿಸಿಕೊಳ್ಳುವ 1957ರ ಕಾಯಿದೆ ಬಂದಿತು. ಆಸ್ಪತ್ರೆಯಲ್ಲೋ ಸೆರೆಮನೆಯಲ್ಲೋ ಸಾರ್ವಜನಿಕ ಸ್ಥಳದಲ್ಲೋ ಸತ್ತವರ ದೇಹವನ್ನು ಹತ್ತಿರದ ಸಂಬಂಧಿಕರು ನಿಗದಿತ ಅವಧಿಯೊಳಗೆ ಕೇಳಿಕೊಂಡು ಬಾರದಿದ್ದರೆ ಅದನ್ನು ಶಿಕ್ಷಣಸಂಸ್ಥೆಗೆ ಒಪ್ಪಿಸಬಹುದೆಂಬುದು ಅದರ ಸಾರ. ಕಾಗದದ ಮೇಲೆ ‘ವಾರಸುದಾರರಿಲ್ಲದ ಶವ’ ಎಂದು ಬರೆಯಿಸಿಕೊಂಡವರಲ್ಲಿ ದೂರದೂರಿನಿಂದ ಕೂಲಿಗೆ ಬಂದವರು, ಭಿಕ್ಷುಕರು, ಮನೆಯವರಿಗೆ ಸುದ್ದಿಯೇ ತಲುಪದವರು ಇದ್ದಿರಲೇಬೇಕು. ಜಿಲ್ಲೆಯ ಸಾವಿರಾರು ವೈದ್ಯರ ಮೊದಲ ಪಾಠ ಇಂಥವರ ದೇಹದಿಂದ ನಡೆದಿದೆ, ಮತ್ತು ಅವರಲ್ಲಿ ಯಾರೂ ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಇದು ಕಾನೂನುಬದ್ಧವಾಗಿತ್ತೆಂಬ ಕಾರಣಕ್ಕೆ ಈ ಸತ್ಯದ ಭಾರ ಕಡಿಮೆಯಾಗುವುದಿಲ್ಲ.

ಹಾಸ್ಟೆಲಿನ ಕೋಣೆಗಳಲ್ಲಿ ಹಿರಿಯರಿಂದ ಕಿರಿಯರಿಗೆ ಕೈ ಬದಲಾಗುತ್ತಿದ್ದ ‘ಬೋನ್ ಸೆಟ್’ಗಳದ್ದು ಇನ್ನೂ ಮಸುಕಾದ ಕಥೆ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿರುತ್ತಿದ್ದ ಆ ಎಲುಬುಗಳ ಮೇಲೆ ಸ್ನಾಯು ಹುಟ್ಟುವ ಜಾಗಕ್ಕೆ ಕೆಂಪು, ಸೇರುವ ಜಾಗಕ್ಕೆ ನೀಲಿ ಬಣ್ಣದ ಗೆರೆಗಳನ್ನು ಎಳೆದಿರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಿಂದಲೂ ಕಲ್ಕತ್ತಾ ಅಸ್ಥಿಪಂಜರಗಳ ವ್ಯಾಪಾರದ ಕೇಂದ್ರವಾಗಿದ್ದು, ಲೋಕದ ವೈದ್ಯಕೀಯ ಶಾಲೆಗಳಿಗೆ ಭಾರತದ ಎಲುಬುಗಳೇ ಹೋಗುತ್ತಿದ್ದವು. ಸ್ಮಶಾನಗಳಿಂದ ಕದ್ದವೂ ಅದರಲ್ಲಿ ಸೇರಿದ್ದವೆಂಬ ಆಕ್ಷೇಪ ಬಲವಾದಾಗ, 1985ರಲ್ಲಿ ಭಾರತ ಸರಕಾರ ರಫ್ತನ್ನು ನಿಷೇಧಿಸಿತು. ಈಗ ಪ್ಲಾಸ್ಟಿಕ್ ಮಾದರಿಗಳು ಬಂದಿವೆ. ಆದರೆ ಅಚ್ಚಿನಲ್ಲಿ ಎರಕಹೊಯ್ದ ಎಲುಬುಗಳೆಲ್ಲ ಒಂದೇ ರೀತಿ ಇರುತ್ತವೆ. ನಿಜವಾದ ಎಲುಬಿನಲ್ಲಿ ದುಡಿಮೆಯಿಂದ ಎದ್ದ ಏಣು, ಹಳೆಯ ಮುರಿತದ ಗಂಟು, ಮುಪ್ಪಿನ ಸವೆತ ಎಲ್ಲವೂ ಓದಲು ಸಿಗುತ್ತವೆ.

ಶತಮಾನದ ಕೊನೆಯಲ್ಲಿ ಮಂಗಳೂರಿನ ಚಿತ್ರ ಥಟ್ಟನೆ ಬದಲಾಯಿತು. 1999ರಲ್ಲಿ ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ಯೆನೆಪೋಯ ಮತ್ತು ಕೆ. ಎಸ್. ಹೆಗ್ಡೆ, ಹೀಗೆ ಒಂದೇ ವರ್ಷದಲ್ಲಿ ಮೂರು ವೈದ್ಯಕೀಯ ಕಾಲೇಜುಗಳು ತೆರೆದವು, 2002ರಲ್ಲಿ ಎ. ಜೆ. ಸಂಸ್ಥೆ, 2011ರಲ್ಲಿ ಮುಕ್ಕದ ಶ್ರೀನಿವಾಸ ಕಾಲೇಜು, ಆಮೇಲೆ ಕಣಚೂರು ಸೇರಿಕೊಂಡವು. ಕಸ್ತೂರ್ಬಾ ಕಾಲೇಜಿನ ಮಂಗಳೂರು ಶಾಖೆಯೂ ಬಿಜೈಯಲ್ಲಿ ತನ್ನದೇ ಮೂಲವಿಜ್ಞಾನ ಕೇಂದ್ರವನ್ನು ಹೊಂದಿತು. ವಾರಸುದಾರರಿಲ್ಲದ ಶವಗಳನ್ನೇ ನೆಚ್ಚಿಕೊಂಡು ಇಷ್ಟು ಡಿಸೆಕ್ಷನ್ ಹಾಲ್‌ಗಳು ನಡೆಯುವಂತಿರಲಿಲ್ಲ. ಬದುಕಿರುವಾಗಲೇ ಬರೆದುಕೊಡುವ ದೇಹದಾನಕ್ಕೆ ಕಾಯಿದೆಯಲ್ಲಿ ತಿದ್ದುಪಡಿಯ ಮೂಲಕ ಅವಕಾಶವಾದದ್ದು ಈ ಅಗತ್ಯಕ್ಕೆ ಒದಗಿ ಬಂದಿತು.

ಕರಾವಳಿಯ ಮನೆಗಳಲ್ಲಿ ಈ ನಿರ್ಧಾರ ಸುಲಭದ್ದಾಗಿರಲಿಲ್ಲ. ದಹನದ ನಂತರ ಅಸ್ಥಿಸಂಚಯನ, ನದಿಯಲ್ಲೋ ಕಡಲಲ್ಲೋ ಅದರ ವಿಸರ್ಜನೆ, ಕೊನೆಗೆ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಎಂಬ ಕ್ರಮ ಇಲ್ಲಿ ಬೇರೂರಿದೆ. ಕ್ರೈಸ್ತರಿಗೂ ಬ್ಯಾರಿ ಮುಸ್ಲಿಮರಿಗೂ ಮಣ್ಣಿಗಿಡುವ ವಿಧಿ ಅಷ್ಟೇ ಮುಖ್ಯ. ಎಲುಬಿನ ಮೂರರಲ್ಲಿ ಸುಮಾರು ಎರಡು ಪಾಲು ಕ್ಯಾಲ್ಸಿಯಂ ಮತ್ತು ರಂಜಕದ ಲವಣಗಳಾಗಿದ್ದು, ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜೆನ್ ಎಂಬ ನಾರಿನಂತಹ ಪ್ರೋಟೀನು. ಚಿತೆಯಲ್ಲಿ ನಾರು ಉರಿದುಹೋಗಿ ಲವಣದ ಭಾಗ ಬೆಳ್ಳಗೆ ಉಳಿಯುತ್ತದೆ. ಮನೆಯವರು ಮಡಕೆಯಲ್ಲಿ ಆರಿಸಿಕೊಳ್ಳುವ ಅಸ್ಥಿ ಅದೇ. ದೇಹದಾನ ಮಾಡಿದವರ ಕುಟುಂಬಕ್ಕೆ ಆ ಮಡಕೆಯೂ ಇಲ್ಲ. ಮುಂಚಿತವಾಗಿ ಸಾಕ್ಷಿಗಳೊಡನೆ ಸಹಿ ಮಾಡಿದ್ದರೂ, ಸಾವಿನ ಹೊತ್ತಿನಲ್ಲಿ ಮನೆಯವರು ಒಪ್ಪದಿದ್ದರೆ ಕಾಲೇಜುಗಳು ಸಾಮಾನ್ಯವಾಗಿ ಒತ್ತಾಯಿಸುವುದಿಲ್ಲ. ಮರಣೋತ್ತರ ಪರೀಕ್ಷೆಯಾದ ದೇಹವನ್ನೂ, ಕೆಲವು ಸೋಂಕುರೋಗಗಳಿಂದ ತೀರಿಕೊಂಡವರ ದೇಹವನ್ನೂ ಸ್ವೀಕರಿಸುವುದಿಲ್ಲ. ಸುಶ್ರುತನು ವಿಷಹತವಾದ, ರೋಗದಿಂದ ಸವೆದ ದೇಹ ಬೇಡವೆಂದದ್ದಕ್ಕೆ ಈ ನಿಯಮ ಬಹಳ ಹತ್ತಿರದಲ್ಲಿದೆ.

ವಾರಸುದಾರರಿಲ್ಲದಿರುವುದೆಂದರೆ ಪ್ರೀತಿಸುವವರಿಲ್ಲದಿರುವುದೆಂದು ತಿಳಿಯಬಾರದೆಂಬುದನ್ನು ಮಂಗಳೂರು 2010ರ ಮೇ 22ರಂದು ಕಠೋರವಾಗಿ ಕಂಡಿತು. ಬಜ್ಪೆಯ ವಿಮಾನ ದುರಂತದಲ್ಲಿ 158 ಮಂದಿ ಸತ್ತರು. ಸುಟ್ಟ ದೇಹಗಳ ಗುರುತಿಗೆ ವೆನ್ಲಾಕಿನ ಶವಾಗಾರದ ಮುಂದೆ ಬಂಧುಗಳು ಕಾದರು, ಅನುಮಾನ ಉಳಿದೆಡೆ ಡಿಎನ್‌ಎ ಪರೀಕ್ಷೆಗೆ ಹೈದರಾಬಾದಿನ ಪ್ರಯೋಗಾಲಯವನ್ನು ಆಶ್ರಯಿಸಬೇಕಾಯಿತು, ಗುರುತು ಸಿಗದ ಹನ್ನೆರಡು ದೇಹಗಳನ್ನು ಕೂಳೂರಿನ ಬಳಿ ಒಟ್ಟಾಗಿ ಮಣ್ಣು ಮಾಡಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜೊಂದರ ಅಂಗರಚನೆಯ ಅಧ್ಯಾಪಕರು, ದೇಹದಾನ ಮಾಡಿ ತೀರಿಕೊಂಡಿದ್ದ ತಮ್ಮ ತಂದೆಯ ದೇಹವನ್ನು ತಂದೆಯ ಇಚ್ಛೆಯಂತೆ ತಾವೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದ ಸುದ್ದಿ ನಾಡಿನಾದ್ಯಂತ ಹಬ್ಬಿ, ದೇಹದಾನದ ಮಾತನ್ನು ಮನೆಮನೆಗೆ ತಲುಪಿಸಿತು.

ದೇಶದ ವೈದ್ಯಕೀಯ ಕಾಲೇಜುಗಳಲ್ಲಿ 2019ರಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮವು ಶವವೇ ವಿದ್ಯಾರ್ಥಿಯ ಮೊದಲ ಗುರುವೆಂಬ ವಿಷಯದ ಮೇಲೆ ಪ್ರತ್ಯೇಕ ಪಾಠವೊಂದನ್ನು ಮೊದಲ ವರ್ಷದಲ್ಲೇ ಕಡ್ಡಾಯಗೊಳಿಸಿದೆ. ಅದರ ಅಂಗವಾಗಿ ಅನೇಕ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಛೇದನವನ್ನು ಆರಂಭಿಸುವ ಮುನ್ನ, ದೇಹವನ್ನು ಗೌರವದಿಂದ ಕಾಣುವೆವೆಂದೂ ಅದರ ಚಿತ್ರ ತೆಗೆಯುವುದಿಲ್ಲವೆಂದೂ ಪ್ರತಿಜ್ಞೆ ಮಾಡುತ್ತಾರೆ. ದಾನಿಗಳ ಹೆಸರು, ವಯಸ್ಸು, ಸಹಿ ಮಾಡಿದ ದಿನ, ಒಪ್ಪಿಗೆ ಕೊಟ್ಟ ಬಂಧುವಿನ ವಿವರ ಇವೆಲ್ಲ ಈಗ ಅಂಗರಚನಾ ವಿಭಾಗದ ದಾಖಲೆಯಲ್ಲಿರುತ್ತವೆ. 1953ರಿಂದ ಮೊದಲ ದಶಕಗಳಲ್ಲಿ ಮೇಜಿಗೆ ಬಂದವರಿಗೆ ಇಂಥ ದಾಖಲೆಯಿಲ್ಲ. ಅವರಲ್ಲಿ ಕೆಲವರ ಎಲುಬುಗಳು ಬೆಸುಗೆ, ಸವೆತ, ಹಳೆಯ ಗಾಯಗಳ ಗುರುತಿನೊಡನೆ ಇಂದಿಗೂ ತರಗತಿಗಳಲ್ಲಿ ಪಾಠಕ್ಕೆ ಬಳಕೆಯಾಗುತ್ತಿರಬಹುದು.